ಹುಲಿಕೆರೆ ವಿಶಾಲಮ್ಮನ ಎಲೆಬಳ್ಳಿ

"ಎಲೆಬಳ್ಳಿಗೆ ಬಿಸಿಲು ಕಾಣಬೇಕು, ತಾಗಬಾರದು. ನೀರು ಹಾಯಬೇಕು, ನಿಲ್ಲಬಾರದು. ಇಷ್ಟು ಗೊತ್ತಿದ್ರೆ ಅರ್ಧ ಗೊತ್ತಾದ ಹಾಗೆ. ಇನ್ನರ್ಧ ಅದಕ್ಕೇ ಗೊತ್ತು, ನಮಗೆ ಹೇಳೋದಿಲ್ಲ. ಬಚ್ಚಲ ನೀರು ಹರಿದು ಬರೋ ಕಡೆ ಒಂದು ಹಾಲವಾಣದ ಗೂಟ ನೆಡಬೇಕು. ಗೂಟ ಚಿಗುರಿ ಮರ ಆದ ಮೇಲೆ ಬುಡಕ್ಕೆ ಬಳ್ಳಿ. ಮನೆ ಕಟ್ಟಿಸಿ ಆಮೇಲೆ ಮದುವೆ ಮಾಡಿದ ಹಾಗೆ. ಕೆರೆ ತಳದ ಗೋಡುಮಣ್ಣು ಹಾಕ್ಬೇಕು, ಹಸಿ ಸಗಣಿ ಹಾಕಿದ್ರೆ ಬೇರು ಬೇಯತ್ತೆ. ಮೇಲಕ್ಕೆ ಹೋದ ಹಾಗೆಲ್ಲ ಬಾಳೆನಾರಿನಲ್ಲಿ ಕಟ್ತಾ ಹೋಗ್ಬೇಕು. ಬಿಗಿಯಾಗಿ ಅಲ್ಲ, ಮಗುವಿಗೆ ಉಡಿದಾರ ಕಟ್ಟೋ ಹಾಗೆ, ಒಂದು ಬೆರಳು ತೂರಬೇಕು. ಕೈಗೆ ಸಿಗದಷ್ಟು ಎತ್ತರ ಆಯ್ತೋ, ಇಳಿಸ್ಬೇಕು. ಕಟ್ಟೆಲ್ಲ ಬಿಚ್ಚಿ, ಮೆಲ್ಲಗೆ ಕೆಳಗೆ ತಂದು, ಸಿಂಬೆ ಸುತ್ತಿದ ಹಾಗೆ ಬುಡದಲ್ಲಿ ಸುತ್ತಿ ಮಣ್ಣು ಮುಚ್ಚಿ, ತುದಿ ಮಾತ್ರ ಮೇಲೆ ಬಿಟ್ಟು ಮತ್ತೆ ಕಟ್ಟಬೇಕು. ನೋಡಿದೋರು ಅಯ್ಯೋ ಸಾಯಿಸಿಬಿಟ್ರು ಅಂತಾರೆ. ಸಾಯಲ್ಲ. ಗೆಣ್ಣುಗೆಣ್ಣಿಗೂ ಬೇರು ಬಿಟ್ಟು ಮತ್ತೆ ಎಳೇದಾಗತ್ತೆ. ನಮ್ಮನ್ನೂ ಯಾರಾದ್ರೂ ಹಾಗೆ ಇಳಿಸಿ ಕಟ್ಟೋರಿದ್ದಿದ್ರೆ ಅಂತ ಎಷ್ಟೋ ಸಲ ಅಂದ್ಕೊಂಡಿದೀನಿ. ಎಲೇನ ಹೆಬ್ಬೆರಳ ಉಗುರಲ್ಲಿ ಚಿವುಟಬೇಕು, ಎಳೀಬಾರದು. ದೀಪ ಹಚ್ಚಿದ ಮೇಲೆ ಕೊಯ್ಬಾರದು. ಮೆಟ್ಟು ಮೆಟ್ಕೊಂಡು ಹತ್ರ ಹೋಗ್ಬಾರದು. ತಿಂಗಳಲ್ಲಿ ಮೂರು ದಿನ ಹೊರಗೆ ಕೂತೋರು ಅದರ ನೆರಳಿಗೂ ಹೋಗ್ಬಾರದು. ನಾಗವಲ್ಲಿ ಅದು, ಮೈಲಿಗೆ ತಡೆಯಲ್ಲ. ನಿಂತಲ್ಲೇ ಸುಟ್ಟುಹೋಗತ್ತೆ."

ಹುಲಿಕೆರೆಯಲ್ಲಿ ಬಳ್ಳಿಯ ತುಂಡು ಕೇಳಿಕೊಂಡು ಬಂದವರಿಗೆಲ್ಲ ವಿಶಾಲಮ್ಮ ಒಪ್ಪಿಸುತ್ತಿದ್ದ ಪಾಠ ಇದು. ಓದುಬರಹ ಇಲ್ಲದ ಹೆಂಗಸು, ಆದರೆ ಬಾಯಿಪಾಠ ಒಂದಕ್ಷರ ತಪ್ಪುತ್ತಿರಲಿಲ್ಲ. ಹೇಳಿದ ಒಂದೊಂದು ಮಾತೂ ಅವಳ ಕೈಯಲ್ಲಿ ಪಳಗಿ ಬಂದದ್ದು. ಕೊನೆಯ ಮಾತನ್ನು ಮಾತ್ರ ಯಾರೂ ಮಾಡಿ ನೋಡಿರಲಿಲ್ಲ. ಮಾಡಿ ನೋಡುವಂಥದ್ದೂ ಅಲ್ಲ. ಅವಳ ಅಮ್ಮ ಹೇಳಿದ್ದು, ಅಮ್ಮನಿಗೆ ಅಜ್ಜಿ ಹೇಳಿದ್ದು.

ವಿಶಾಲಮ್ಮ ಹುಟ್ಟಿದ್ದು ಬಾಣಾವರದಲ್ಲಿ. ಒಸಗೆಯಾಗಿ ಗಂಡನ ಮನೆಗೆ ಬರುವಾಗ ತಾಯಿ ಮಡಿಲಿಗೆ ಅಕ್ಕಿ ಬೆಲ್ಲದ ಜೊತೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಬಳ್ಳಿಯ ತುಂಡನ್ನೂ ಇಟ್ಟಿದ್ದಳು. ಅದೇ ಹಿತ್ತಲಲ್ಲಿ ಹಬ್ಬಿದ್ದು. ಗಂಡನಿಗೆ ಊಟದ ಮೇಲೆ ಎರಡು ಎಲೆ ಬೇಕೇ ಬೇಕು. ಸುಣ್ಣ ಹೆಚ್ಚಾದರೆ ಬಳ್ಳಿಯನ್ನು ಬೈಯುತ್ತಿದ್ದರಂತೆ, ಹೆಂಡತಿಯನ್ನಲ್ಲ. ಮಗ ಅನಂತರಾಮು ಇನ್ನೂ ಶಾಲೆಗೆ ಹೋಗುತ್ತಿದ್ದಾಗಲೇ ಅವರು ತೀರಿಕೊಂಡರು. ಆಮೇಲೆ ವಿಶಾಲಮ್ಮ ಎಲೆ ತಿನ್ನುವುದು ನಿಂತಿತು, ಬಳ್ಳಿ ಸಾಕುವುದು ನಿಲ್ಲಲಿಲ್ಲ. ಊರಿನ ಮದುವೆ, ಸೀಮಂತ, ನಾಮಕರಣ ಎಲ್ಲಕ್ಕೂ ಅಲ್ಲಿಂದಲೇ ಎಲೆ. ಆದರೆ ತಾನು ಕೊಯ್ದು ಕೊಡುವ ಹಾಗಿಲ್ಲ. ಶುಭಕ್ಕೆ ಹೋಗುವ ಎಲೆಗೆ ಮುತ್ತೈದೆಯ ಕೈ ಬೇಕು. ಬಂದವರೇ ಕೊಯ್ದುಕೊಳ್ಳುವರು. ಇವಳು ಬಚ್ಚಲ ಬಾಗಿಲಲ್ಲಿ ನಿಂತು, "ಎಳೀಬೇಡವೇ, ಚಿವುಟು" ಎನ್ನುತ್ತಿರುವಳು.

ಮೈಸೂರಿಗೆ ಹೊಸ ಸೀಮೆಗಳು ಸೇರಿ ರಾಜ್ಯ ದೊಡ್ಡದಾದ ಮರುವರ್ಷ ಅನಂತರಾಮುವಿಗೆ ಮದುವೆಯಾಯಿತು. ಅವನು ಹಳೇಬೀಡಿನಲ್ಲಿ ಮೇಷ್ಟರು, ದಿನಾ ನಡೆದು ಹೋಗಿ ನಡೆದು ಬರುವನು. ಹುಡುಗಿ ಕಮಲ, ಅರಸೀಕೆರೆಯವಳು. ತಂದೆ ಸುಬ್ಬರಾಮಯ್ಯನವರು ರೈಲ್ವೆಯಲ್ಲಿ ಗುಮಾಸ್ತರು. ನಿಶ್ಚಯದ ದಿನ ವಿಶಾಲಮ್ಮ ಬೀಗರಿಗೆಂದು ಬಳ್ಳಿಯ ತುಂಡೊಂದನ್ನು ಮಗನ ಕೈಲಿ ಕೊಡಿಸಿದ್ದಳು. ಕಮಲ ಮನೆಗೆ ಬಂದ ಮೇಲೆ ಎಲೆ ಕೊಯ್ದು ಕೊಡುವ ಕೆಲಸ ಅವಳ ಪಾಲಿಗೆ ಬಂತು. ಅಂತೂ ಮನೆಯಲ್ಲೇ ಒಂದು ಮುತ್ತೈದೆಯ ಕೈ ಆಯಿತು. ಕೆಂಪಲಕ್ಷ್ಮಮ್ಮ, ಪಕ್ಕದ ಹೊಲದ ಒಕ್ಕಲಿನವಳು, ಹಾಲು ಕೊಡಲು ಬಂದಾಗೆಲ್ಲ ಹೇಳುವಳು: "ನಿಮ್ ಸೊಸೆ ಕೈಗುಣ ಚೆನ್ನಾಗೈತೆ ಅಮ್ಮಾರೆ. ಅವ್ರು ಕೊಟ್ಟ ಎಲೆ ಮೂರು ದಿನ ಇಟ್ರೂ ಬಾಡಕ್ಕಿಲ್ಲ."

ಕಮಲ ಬರುವಾಗ ಟ್ರಂಕಿನಲ್ಲಿ ಬಟ್ಟೆ ಸೋಪಿನ ಉದ್ದನೆಯ ಬಾರೊಂದನ್ನು ತಂದಿದ್ದಳು. ವಿಶಾಲಮ್ಮ ಅದನ್ನು ದೂರದಿಂದಲೇ ನೋಡಿದಳು. ಸೋಪಿನಲ್ಲಿ ಕೊಬ್ಬು ಹಾಕಿರುತ್ತಾರಂತೆ, ಯಾವ ಪ್ರಾಣಿಯದೋ ಏನೋ; ಅದು ಮಡಿ ಮನೆಯ ಬಚ್ಚಲಿಗೆ ಬರಕೂಡದು ಎಂದಳು. ಕಮಲ ಎದುರಾಡದೆ ಟ್ರಂಕಿನಲ್ಲೇ ಇಟ್ಟಳು. ಆದರೆ ಸೊಸೆ ಬಂದ ಮೇಲೆ ಮಗನ ಶರ್ಟು ಹಳದಿಯಾಯಿತು ಎನ್ನಿಸಿಕೊಳ್ಳುವುದು ವಿಶಾಲಮ್ಮನಿಗೂ ಇಷ್ಟವಿರಲಿಲ್ಲ. ಹಳೇಬೀಡಿನ ಅಂಗಡಿಯಲ್ಲಿ ಬಟ್ಟೆ ಒಗೆಯುವ ಸೋಡಾಪುಡಿ ಸಿಗುತ್ತದೆ, ಅದು ಮಣ್ಣಿನಿಂದ ಮಾಡಿದ್ದು, ದೋಷವಿಲ್ಲ ಎಂದು ಯಾರೋ ಹೇಳಿದರು. ದೀಪಾವಳಿ ಕಳೆದ ಮೇಲೆ ತರಿಸಿದಳು. ಹಳೇ ತಪ್ಪಲೆಯಲ್ಲಿ ನೀರು ಕಾಯಿಸಿ ಸೋಡ ಹಾಕಿ ಬಟ್ಟೆ ಕುದಿಸಿ ಬಚ್ಚಲ ಕಲ್ಲಿಗೆ ಬಡಿದರೆ ಮಲ್ಲಿಗೆಯ ಹಾಗೆ ಬೆಳ್ಳಗೆ. ವಿಶಾಲಮ್ಮನಿಗೆ ಅದು ಎಷ್ಟು ಹಿಡಿಸಿತೆಂದರೆ ದುಪ್ಪಟಿ, ಪಂಚೆ, ತನ್ನ ಮಡಿಸೀರೆ, ಕೊನೆಗೆ ಅಡುಗೆಮನೆಯ ಮಸಿಬಟ್ಟೆಯನ್ನೂ ಬಿಡಲಿಲ್ಲ. ಒಗೆಯುವುದು ಅವಳೇ. ಆ ಕೆಲಸವನ್ನು ಸೊಸೆಗೆ ಬಿಡಲಿಲ್ಲ.

ಮಾಘ ಮಾಸದಲ್ಲಿ ಬಳ್ಳಿ ಬಿಳಿಚಿಕೊಂಡಿತು. ಮೊದಲು ಎಲೆಯ ಅಂಚು ಸುಟ್ಟಂತಾಯಿತು, ಆಮೇಲೆ ಒಳಗೆಲ್ಲ ಹಳದಿ. ವಿಶಾಲಮ್ಮ ಗೋಡು ಹಾಕಿಸಿದಳು, ಬುಡ ಬಿಡಿಸಿದಳು, ನೆರಳಿಗೆ ತೆಂಗಿನ ಗರಿ ಕಟ್ಟಿದಳು. ಏನೂ ಆಗಲಿಲ್ಲ. ಹಾಗಿರುವಾಗಲೇ ಒಂದು ಬೆಳಿಗ್ಗೆ, ಕಮಲ ಹೊರಗೆ ಕೂತಿದ್ದ ದಿನ, ಹಿತ್ತಲ ಜಗಲಿಯಲ್ಲಿ ಅವಳ ಚಾಪೆಯ ಪಕ್ಕದಲ್ಲಿ ಒಂದು ವೀಳ್ಯದೆಲೆ ಬಿದ್ದಿರುವುದು ವಿಶಾಲಮ್ಮನ ಕಣ್ಣಿಗೆ ಬಿತ್ತು. ಕಮಲ ಕೇಳುವ ಮೊದಲೇ ಹೇಳಿದಳು: ಗಾಳಿಗೆ ಬಿದ್ದದ್ದು, ತಾನು ಮುಟ್ಟಿಲ್ಲ. ಕೇಳುವ ಮೊದಲೇ ಯಾಕೆ ಹೇಳಿದಳು ಎಂದು ವಿಶಾಲಮ್ಮನ ಮನಸ್ಸು ಅಲ್ಲೇ ಸಿಕ್ಕಿಕೊಂಡಿತು.

ಅದಾದ ನಾಲ್ಕಾರು ದಿನಕ್ಕೆ ಕೆಂಪಲಕ್ಷ್ಮಮ್ಮ ಮಗಳ ವೀಳ್ಯಶಾಸ್ತ್ರಕ್ಕೆ ಎಲೆ ಕೇಳಲು ಬಂದಳು. ಮಗಳ ಮದುವೆ ಗೊತ್ತಾಗುವ ಶಾಸ್ತ್ರ, ಎಲೆಯಿಲ್ಲದೆ ನಡೆಯದು. ಬಳ್ಳಿ ನೋಡಿ ಎದೆ ಹಿಡಿದುಕೊಂಡಳು. ಇದೇನಾಯಿತು ಎಂದಳು. ವಿಶಾಲಮ್ಮ ಸುಮ್ಮನಿರಬಹುದಿತ್ತು.

"ಮುಟ್ಟಬಾರದ ದಿನ ಮುಟ್ಟಿದ್ರೆ ಇನ್ನೇನಾಗತ್ತೆ ಕೆಂಪಲಕ್ಷ್ಮಿ" ಎಂದಳು.

ಕಮಲ ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದಳು. ರಾಟೆಯ ಸದ್ದು ನಿಂತಿತು. ಒಂದು ಗಳಿಗೆ ಬಿಟ್ಟು ಮತ್ತೆ ಶುರುವಾಯಿತು.

ಕೆಂಪಲಕ್ಷ್ಮಮ್ಮ ಕೆಟ್ಟವಳಲ್ಲ. ಆದರೆ ಅವಳಿಗೆ ಮಾತು ಒಳಗಿಟ್ಟುಕೊಂಡರೆ ಊಟ ಸೇರುತ್ತಿರಲಿಲ್ಲ. ವೀಳ್ಯಶಾಸ್ತ್ರದ ದಿನ ಎಲೆ ಹಳೇಬೀಡಿನಿಂದ ಬಂತು. ಕಮಲನನ್ನು ಕುಂಕುಮಕ್ಕೆ ಕರೆದಿದ್ದರು. ವಾಡಿಕೆಯಂತೆ ಅವಳು ಎಲೆತಟ್ಟೆ ಎತ್ತಿಕೊಂಡು ಎದ್ದಳು. ಒಬ್ಬ ಮುದುಕಿ ಮೆಲ್ಲಗೆ ಅವಳ ಕೈಯಿಂದ ತಟ್ಟೆ ತೆಗೆದುಕೊಂಡು, "ನೀವು ಕೂತ್ಕಳ್ಳಿ ತಾಯಿ, ದಣಿದಿದ್ದೀರಿ" ಎಂದಳು. ಕೆಂಪಲಕ್ಷ್ಮಮ್ಮ ಅಲ್ಲೇ ನಿಂತಿದ್ದಳು. ಅಲ್ಲಿಂದಾಚೆ ಎಲೆಗೆ ಬಂದವರು ಕಮಲನನ್ನು ಕರೆಯದೆ ಬೇಲಿಯ ಆಚೆಯಿಂದಲೇ ವಿಚಾರಿಸಿ ಹೋಗತೊಡಗಿದರು. ಇನ್ನೂ ವರ್ಷ ತುಂಬದ ಸೊಸೆ. ಅವಳ ಕೈ ಆಗಿಬರುವುದಿಲ್ಲ ಎಂಬುದು ಒಮ್ಮೆ ಊರಿನ ಬಾಯಲ್ಲಿ ಕೂತರೆ ಅವಳ ಮೊಮ್ಮಕ್ಕಳ ಕಾಲಕ್ಕೂ ಅಳಿಯುವುದಿಲ್ಲ.

ಮೊದಲ ಯುಗಾದಿಗೆ ಮಗಳನ್ನೂ ಅಳಿಯನನ್ನೂ ಕರೆಯಲು ಸುಬ್ಬರಾಮಯ್ಯನವರು ಬಂದರು. ಹೊರಡುವ ಹೊತ್ತಿಗೆ ಕಮಲ ಅತ್ತೆಯ ಕಾಲಿಗೆ ಬಿದ್ದು ಎದ್ದಳು. ದನಿ ಏರಿಸಲಿಲ್ಲ.

"ಅತ್ತೆ, ನಾನು ಮುಟ್ಟಲಿಲ್ಲ. ಎರಡನೇ ಸಲ ಹೇಳ್ತಾ ಇದೀನಿ, ಮೂರನೇ ಸಲ ಹೇಳಲ್ಲ. ನಿಮಗೆ ನಂಬಿಕೆ ಬಂದ ದಿನ ಹೇಳಿ ಕಳಿಸಿ, ಬರ್ತೀನಿ. ನಂಬಿಕೆ ಬರದೇ ಇದ್ರೆ, ಯಾವ ಮುಖ ಇಟ್ಕೊಂಡು ಈ ಹಿತ್ತಲಲ್ಲಿ ನೀರು ಸೇದಲಿ?"

ಹಬ್ಬ ಮುಗಿಸಿಕೊಂಡು ಅನಂತರಾಮು ಒಬ್ಬನೇ ಬಂದ. ತಾಯಿಯನ್ನು ಏನೂ ಕೇಳಲಿಲ್ಲ. ಅದೇ ವಿಶಾಲಮ್ಮನಿಗೆ ಕಷ್ಟವಾಯಿತು. ಕೇಳಿದ್ದರೆ ಜಗಳವಾಡಬಹುದಿತ್ತು. ಅವನು ಊಟ ಮಾಡುವನು, ತಟ್ಟೆ ತೊಳೆದಿಡುವನು, ಸ್ಕೂಲಿಗೆ ಹೋಗುವನು. ಒಂದು ಸಂಜೆ ಬಚ್ಚಲ ಬಾಗಿಲಲ್ಲಿ ನಿಂತು ಬಳ್ಳಿಯನ್ನೇ ನೋಡುತ್ತಿದ್ದವನು, "ಅಮ್ಮ, ಇದನ್ನ ಕಿತ್ತುಹಾಕೋಣ್ವೇ?" ಎಂದ. ಬೇಡ ಎಂದಳು. ತುದಿಯಲ್ಲಿ ಇನ್ನೂ ಒಂದು ಮೊಳದಷ್ಟು ಹಸಿರು ಉಳಿದಿತ್ತು.

ಬೇಸಿಗೆ ಕಾವೇರಿತು. ಕೆಂಪಲಕ್ಷ್ಮಮ್ಮ ಹಾಲು ಹಾಕಲು ಬಂದ ಒಂದು ದಿನ, ವಿಶಾಲಮ್ಮ ಗೊಜ್ಜಿಗೆಂದು ಕೆಸುವಿನ ದಂಟು ಕೊಯ್ಯಲು ಹಿತ್ತಲಿಗೆ ಹೋಗಿದ್ದಳು. ಬಚ್ಚಲ ಕಾಲುವೆ ಬಳ್ಳಿಯ ಬುಡ ಹಾದು ಮುಂದೆ ಹೋಗಿ ಇಂಗುವ ಕಡೆ ಕೆಸು ಬೆಳೆದಿತ್ತು. ಪ್ರತಿ ಬೇಸಿಗೆಯೂ ಅಲ್ಲಿ ಎಲೆ ಆನೆಯ ಕಿವಿಯಷ್ಟಗಲ ಇರುತ್ತಿತ್ತು. ಈ ಸಲ ಹಳದಿ. ಅಂಚು ಸುಟ್ಟಂತೆ ಮುರುಟಿಕೊಂಡಿದೆ.

ಕೆಂಪಲಕ್ಷ್ಮಮ್ಮ ಹಿಂದಿನಿಂದ ಇಣುಕಿ ನಕ್ಕಳು. "ಇದೇನ್ ಅಮ್ಮಾರೆ, ನಿಮ್ಮನೇಲಿ ಕೆಸೂನೂ ಮಡಿ ಕಲ್ತುಬುಡ್ತಾ? ಅದ್ನೂ ಯಾರೋ ಮುಟ್ಟವ್ರೆ."

ತಮಾಷೆಗೆ ಅಂದದ್ದು. ಅಂದು ಹಾಲಿನ ಚೆಂಬು ಕೆಳಗಿಟ್ಟು ಹೋಗುವುದರಲ್ಲಿದ್ದಳು. ವಿಶಾಲಮ್ಮ ಮಾತ್ರ ಬಗ್ಗಿದವಳು ಬಗ್ಗಿದಂತೆಯೇ ಉಳಿದಳು. ಕೆಸುವಿಗೆ ಯಾವ ಮಡಿ? ಕೋಳಿ ಕೆದಕುತ್ತದೆ, ಕಪ್ಪೆ ಕೂರುತ್ತದೆ, ಕಂಡವರು ಕೀಳುತ್ತಾರೆ. ಅದು ಯಾರ ಮೈಲಿಗೆಗೂ ಸುಡುವ ಗಿಡವಲ್ಲ. ತಲೆಯೆತ್ತಿ ನೋಡಿದಳು. ಬಾವಿಕಟ್ಟೆಯ ಆ ಬದಿಯಲ್ಲಿ, ಕೊಡದಿಂದ ತುಳುಕಿದ ನೀರು ಕುಡಿಯುವ ಕಡೆ, ಅದೇ ಕೆಸು ಕಪ್ಪುಹಸಿರಾಗಿ ನಿಂತಿದೆ. ಆ ಕಡೆ ಬಾವಿನೀರು, ಈ ಕಡೆ ಬಚ್ಚಲ ನೀರು.

ಕಾಲುವೆಯ ದಡದಲ್ಲಿ ಕೂತಳು. ಮಣ್ಣಿನ ಮೇಲೆ ತೆಳ್ಳಗೆ ಬಿಳಿ ಪೊರೆ ಕಟ್ಟಿತ್ತು. ಏನೂ ಬೆಳೆಯದ ಚೌಳು ನೆಲದಲ್ಲಿ ಕಟ್ಟುತ್ತದಲ್ಲ, ಹಾಗೆ. ಬೆರಳಿಗೆ ಒತ್ತಿಕೊಂಡು ನಾಲಿಗೆಯ ತುದಿಗೆ ಮುಟ್ಟಿಸಿದಳು. ಬಟ್ಟೆ ಕುದಿಸುವಾಗ ಹಬೆಯಲ್ಲಿ ಗಂಟಲಿಗೆ ಇಳಿಯುತ್ತಿದ್ದ ಅದೇ ಚೌಳು ರುಚಿ.

ದೀಪಾವಳಿಯಿಂದ ಈಚೆಗೆ ತಾನು ಬಳ್ಳಿಗೆ ಕುಡಿಸಿದ್ದು ಏನೆಂದು ಅವಳಿಗೆ ಹೊಳೆಯಿತು. ಸೊಸೆಯ ಸೋಪು ಟ್ರಂಕಿನಿಂದ ಈಚೆಗೆ ಬಂದಿರಲಿಲ್ಲ.

"ಕೆಂಪಲಕ್ಷ್ಮಿ, ಬಾರೇ ಇಲ್ಲಿ" ಎಂದು ಕರೆದಳು. ಬೇಲಿ ದಾಟಿದ್ದವಳು ತಿರುಗಿ ಬಂದಳು. ವಿಶಾಲಮ್ಮ ಮಣ್ಣು ತೋರಿಸಿದಳು, ಕೆಸು ತೋರಿಸಿದಳು, ಒಗೆಯುವ ಕಲ್ಲು ತೋರಿಸಿದಳು. ಆಮೇಲೆ ಎದ್ದು ನಿಂತು, "ಅವತ್ತು ನಾನು ಕಮಲನ ಮೇಲೆ ಹೇಳಿದ್ದು ಸುಳ್ಳು ಕಣೇ. ಬಳ್ಳಿ ಸುಟ್ಟಿದ್ದು ನನ್ನ ಸೋಡ. ಅವತ್ತು ಎಷ್ಟು ಮನೆಗೆ ಹೇಳಿದ್ಯೋ, ಇದನ್ನೂ ಅಷ್ಟು ಮನೆಗೆ ಹೇಳು" ಎಂದಳು.

ಕೆಂಪಲಕ್ಷ್ಮಮ್ಮನ ನಗು ಹೋಗಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡು, "ನಾನೂ ಆವಮ್ಮನ ಕೈಲಿದ್ದ ತಟ್ಟೆ ಈಸ್ಕಂಡಾಗ ಸುಮ್ಕೆ ನಿಂತಿದ್ದೆ, ಅಮ್ಮಾರೆ" ಎಂದಳು. ಎಂದವಳು ಚೆಂಬು ಮರೆತು ಹೋದಳು.

ಆ ರಾತ್ರಿ ಮಗನಿಗೆ ಅನ್ನ ಬಡಿಸುತ್ತ ವಿಶಾಲಮ್ಮ ತಾನು ಅರಸೀಕೆರೆಗೆ ಹೋಗುವುದಾಗಿ ಹೇಳಿದಳು. ಕರೆಯಿಲ್ಲದೆ ಗಂಡಿನ ತಾಯಿ ಬೀಗರ ಮನೆ ಬಾಗಿಲಿಗೆ ಹೋಗುವ ವಾಡಿಕೆ ಅವರ ಕಡೆ ಇರಲಿಲ್ಲ. ಅನಂತರಾಮು ತಾನೂ ಬರುತ್ತೇನೆಂದ. ಬೇಡವೆಂದಳು. ಅವನು ಬಂದರೆ ಹೆಂಡತಿಯನ್ನು ಕರೆದುಕೊಂಡು ಬರಲು ಹೋದಂತಾಗುತ್ತದೆ. ತಾನು ಹೋಗುವುದು ಬೇರೆ ಕೆಲಸಕ್ಕೆ.

ಹಳೇಬೀಡಿನಲ್ಲಿ ಮಗ ಬಸ್ಸು ಹತ್ತಿಸಿದ. ಮಡಿ ಹೆಂಗಸು, ದಾರಿಯಲ್ಲಿ ನೀರೂ ಮುಟ್ಟುವ ಹಾಗಿಲ್ಲ. ಜಾವಗಲ್ ದಾಟಿ ಬಸ್ಸು ಬಾಣಾವರದಲ್ಲಿ ನಿಂತಿತು. ಹುಟ್ಟಿದ ಊರು. ಇಳಿದು ನಾಲ್ಕು ಹೆಜ್ಜೆ ನಡೆದರೆ ತಮ್ಮನ ಮಗನ ಮನೆ. ಅವಳು ಇಳಿಯಲಿಲ್ಲ. ಅಮ್ಮ ಮಡಿಲಿಗೆ ಬಳ್ಳಿ ಇಟ್ಟ ದಿನ ಹೇಳಿದ್ದನ್ನೆಲ್ಲ ಒಂದೊಂದಾಗಿ ನೆನೆದುಕೊಂಡಳು. ಬಿಸಿಲು, ನೀರು, ಗೋಡು, ನಾರು. ಅಮ್ಮನ ಕಾಲದಲ್ಲಿ ಸೋಡ ಇರಲಿಲ್ಲ.

ಅರಸೀಕೆರೆಯ ರೈಲ್ವೆ ಮನೆಗಳ ಸಾಲಿನಲ್ಲಿ ಕಲ್ಲಿದ್ದಲ ವಾಸನೆ. ಸುಬ್ಬರಾಮಯ್ಯನವರ ಮನೆಯ ಮುಂದೆ ಅವಳು ಗೇಟಿನಲ್ಲೇ ನಿಂತುಬಿಟ್ಟಳು. ಪಕ್ಕದ ಓಣಿಯಲ್ಲಿ, ನಲ್ಲಿಯ ಹತ್ತಿರ, ನುಗ್ಗೆಮರವನ್ನು ಸುತ್ತಿಕೊಂಡು ಅವಳ ಬಳ್ಳಿ ನಿಂತಿತ್ತು. ನಿಶ್ಚಯದ ದಿನ ಕೊಟ್ಟ ಗೇಣುದ್ದದ ತುಂಡು ಈಗ ಆಳೆತ್ತರ. ಎಲೆ ಅಂಗೈಯಗಲ, ಎಣ್ಣೆ ಸವರಿದ ಹಾಗೆ. ಆದರೆ ನಾರಿನ ಕಟ್ಟು ಬಿಗಿಯಾಗಿತ್ತು. ಅವಳ ಕೈ ತಾನಾಗಿಯೇ ಹೋಗಿ ಒಂದು ಕಟ್ಟು ಸಡಿಲಿಸಿತು.

"ಅತ್ತೆ" ಎಂದಳು ಬಾಗಿಲಲ್ಲಿ ನಿಂತಿದ್ದ ಕಮಲ.

ಬೀಗಿತ್ತಿ ಗಾಬರಿಯಾಗಿ ಬಂದು, ಒಬ್ಬರೇ ಬಂದಿರಾ, ಎಲ್ಲ ಕ್ಷೇಮವೇ ಎಂದು ಮಣೆ ಹಾಕಿದರು, ಕಾಲಿಗೆ ನೀರು ಕೊಟ್ಟರು. ಪಕ್ಕದ ಮನೆಯ ಹೆಂಗಸರಿಬ್ಬರು ಹಪ್ಪಳ ಒತ್ತಲು ಬಂದಿದ್ದವರು ಎದ್ದು ಹೋಗಬೇಕೋ ಕೂರಬೇಕೋ ತಿಳಿಯದೆ ಲಟ್ಟಣಿಗೆ ಹಿಡಿದು ಕೂತಿದ್ದರು. ವಿಶಾಲಮ್ಮ ಅವರನ್ನು ಕೂರಿಸಿದಳು. ತಾನು ಮಣೆಯ ಮೇಲೆ ಕೂರಲಿಲ್ಲ.

"ಬೀಗಿತ್ತಿ, ನಿಮ್ಮ ಮಗಳು ಮುಟ್ಟಲಿಲ್ಲ ಅಂತ ಎರಡು ಸಲ ಹೇಳಿದ್ಲು. ನಾನು ನಂಬಲಿಲ್ಲ. ಬಳ್ಳಿ ಸುಟ್ಟಿದ್ದು ನಾನು ಬಟ್ಟೆ ಕುದಿಸಿ ಚೆಲ್ಲಿದ ಸೋಡಾನೀರು. ಸೋಪು ಮಡಿಗಾಗಲ್ಲ ಅಂತ ಬಿಟ್ಟು ಸೋಡ ಹಿಡಿದೋಳು ನಾನು. ನಿಮ್ಮ ಎದುರಿಗೇ ಹೇಳ್ಬೇಕು ಅಂತ ಬಂದೆ."

ಒಳಗೆ ಹಾಲು ಉಕ್ಕಿ ಸುರಿದ ವಾಸನೆ ಬಂತು, ಬೀಗಿತ್ತಿ ಏಳಲಿಲ್ಲ.

ಕಮಲ ಬಾಗಿಲ ಚೌಕಟ್ಟು ಬಿಡದೆ ಕೇಳಿದಳು: "ಇಲ್ಲಿ ಹೇಳಿದ್ರಿ. ಅಲ್ಲಿ? ಮಾತು ಹುಟ್ಟಿದ್ದು ನಮ್ಮ ಹಿತ್ತಲಲ್ಲಿ."

"ಅಲ್ಲೇ ಮೊದಲು ಹೇಳಿದ್ದು, ಕೆಂಪಲಕ್ಷ್ಮಿಗೆ. ನಾನು ಬಸ್ಸಲ್ಲಿ ಇಲ್ಲಿಗೆ ಬರೋದ್ರೊಳಗೆ ಅವಳು ಆಚೆ ಹಗರೆ ಊರಿನವರೆಗೂ ಮುಟ್ಟಿಸಿರ್ತಾಳೆ. ಅವಳ ಮಾತಿಗೆ ಬಸ್ಸು ಬೇಕಾಗಿಲ್ಲ."

ಹಪ್ಪಳದವರಲ್ಲಿ ಒಬ್ಬಳಿಗೆ ನಗು ತಡೆಯಲಿಲ್ಲ. ಕಮಲ ನಗಲಿಲ್ಲ. ಆದರೆ ನಮ್ಮ ಹಿತ್ತಲು ಎಂದು ಅವಳು ಅಂದದ್ದನ್ನು ವಿಶಾಲಮ್ಮ ಕೇಳಿಸಿಕೊಂಡಿದ್ದಳು. ಕಿವಿ ಚುರುಕಿನ ಹೆಂಗಸು. ಅಷ್ಟು ಸಾಕಾಗಿ ಮಣೆಯ ಮೇಲೆ ಕೂತಳು.

"ನಂಬಿಕೆ ಬಂದ ದಿನ ಹೇಳಿ ಕಳಿಸಿ ಅಂದಿದ್ದೆ, ಅತ್ತೆ. ನೀವೇ ಬಂದ್ರಿ" ಎಂದಳು ಕಮಲ. ಒಳಗೆ ಹೋಗಿ ಹಾಲಿನ ಪಾತ್ರೆ ಇಳಿಸಿದಳು.

ಕೊಟ್ಟ ಬಳ್ಳಿಯನ್ನು ಮರಳಿ ಕೇಳುವುದೂ ಅವರ ಕಡೆ ಇಲ್ಲ. ವಿಶಾಲಮ್ಮ ಅದನ್ನೂ ಕೇಳಿದಳು. ಮೂರು ಗೆಣ್ಣಿನ ತುಂಡುಗಳನ್ನು ಕಮಲನೇ ಕೊಯ್ದಳು. ಬೀಗಿತ್ತಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಮಗಳ ಮಡಿಲಿಗೆ ಅಕ್ಕಿ ಬೆಲ್ಲದ ಮೇಲೆ ಇಟ್ಟರು.

ಊರಿಗೆ ಬಂದ ಎರಡು ದಿನಕ್ಕೆ ಒಂದು ಒಳ್ಳೇ ಮಳೆಯಾಯಿತು. ಅನಂತರಾಮು ಹಾಲವಾಣದ ಬುಡದ ಚೌಳು ಮಣ್ಣನ್ನು ಅಗೆದು ಹೊರಗೆ ಸಾಗಿಸಿದ, ಕೆರೆಯಿಂದ ಗೋಡು ತಂದು ತುಂಬಿದ. ಬೀದಿಯ ಹೆಂಗಸರೆಲ್ಲ ಯಾವುದೋ ನೆಪದಲ್ಲಿ ಬೇಲಿಯ ಹತ್ತಿರ ಬಂದರು. ಅಂದು ತಟ್ಟೆ ತೆಗೆದುಕೊಂಡ ಮುದುಕಿಯೂ ಬಂದಿದ್ದಳು. ವಿಶಾಲಮ್ಮ ಹಳೇ ಬಳ್ಳಿಯ ಕಟ್ಟು ತಾನೇ ಬಿಚ್ಚಿದಳು. ಉಳಿದಿದ್ದ ಹಸಿರು ತುದಿಯನ್ನು ಕಮಲನ ಕೈಗೆ ಕೊಟ್ಟು, ನೀನೇ ಸುತ್ತು, ನೀನೇ ಮಣ್ಣು ಮುಚ್ಚು ಎಂದಳು. ಕಮಲ ಅದನ್ನು ಸಿಂಬೆಯ ಹಾಗೆ ಸುತ್ತಿ ಕೂರಿಸಿದಳು. ಅರಸೀಕೆರೆಯ ತುಂಡುಗಳನ್ನು ಅದರ ಪಕ್ಕದಲ್ಲೇ ನೆಟ್ಟಳು. ಕೆಂಪಲಕ್ಷ್ಮಮ್ಮ ಎಲ್ಲರಿಗೂ ಕೇಳುವಂತೆ, ತನ್ನ ಮಗಳ ಧಾರೆಗೆ ಎಲೆ ಇಲ್ಲಿಂದಲೇ, ಕಮಲಮ್ಮೋರ ಕೈಯಿಂದಲೇ, ಅಲ್ಲೀಗಂಟ ಮದುವೆಯನ್ನೇ ಮುಂದಕ್ಕೆ ಹಾಕ್ತೀನಿ ಎಂದಳು. ಮುದುಕಿ ಒಂದು ಹಿಡಿ ಬಾಳೆನಾರು ನೆನೆಸಿ ತಂದು ಕಮಲನ ಕೈಗೆ ಕೊಟ್ಟಳು.

ಹಳೇ ಬಳ್ಳಿಯ ತುದಿ ಉಳಿಯಿತು. ಹೊಸ ತುಂಡುಗಳಲ್ಲಿ ಒಂದು ಹೋಯಿತು. ಉಳಿದವು ಹತ್ತಿಕೊಂಡವು. ಪಾಠದ ಕೊನೆಯ ಮಾತನ್ನು ವಿಶಾಲಮ್ಮ ಆಮೇಲೂ ಬಿಡಲಿಲ್ಲ. ಅಮ್ಮ ಹೇಳಿದ್ದನ್ನು ಬಿಡುವುದು ಹೇಗೆ? ಅದರ ಹಿಂದೆ ಒಂದು ಮಾತು ಮಾತ್ರ ಸೇರಿಕೊಂಡಿತು: "ಬಳ್ಳಿ ಸುಟ್ಟರೆ ಮೊದಲು ಕಾಲುವೆ ನೋಡ್ರೇ, ಆಮೇಲೆ ಸೊಸೇನ ನೋಡಿ."

ಕಾರ್ತಿಕದ ಒಂದು ಬೆಳಿಗ್ಗೆ ಕಮಲ ಹಿತ್ತಲ ಜಗಲಿಯಲ್ಲಿ ಹೊರಗೆ ಕೂತಿದ್ದಳು. ಬಳ್ಳಿ ಆಗಲೇ ಬಚ್ಚಲ ಸೂರು ಮುಟ್ಟುತ್ತಿತ್ತು. ಗಾಳಿ ಬೀಸಿತು, ಒಂದು ಎಲೆ ಉದುರಿ ಅವಳ ಚಾಪೆಯ ಅಂಚಿಗೆ ಬಿತ್ತು. ಕಮಲ ತಲೆಯೆತ್ತಿ ಅತ್ತೆಯ ಕಡೆ ನೋಡಿದಳು. ವಿಶಾಲಮ್ಮನೂ ನೋಡಿದಳು.

"ಗಾಳಿ ಜೋರಾಗಿದೆ, ಸೆರಗು ಹೊದ್ಕೋ" ಎಂದಳು.

ಮಗನ ಶರ್ಟುಗಳು ಕುದ್ದಿದ್ದವು. ಅವನ್ನು ಕಲ್ಲಿನ ಮೇಲೆ ಹಾಕಿ ಬಡಿದಳು, ಜಾಲಿಸಿದಳು, ಹಿಂಡಿದಳು. ಆಮೇಲೆ ಸೋಡಾನೀರನ್ನು ಬಕೆಟ್ಟಿಗೆ ಬಗ್ಗಿಸಿಕೊಂಡು, ಕಾಲುವೆಗೆ ಒಂದು ಹನಿಯೂ ಬೀಳದಂತೆ ಸೊಂಟ ಒಂದು ಕಡೆಗೆ ವಾಲಿಸಿ ಹೊತ್ತುಕೊಂಡು ಹೋಗಿ, ಬೇಲಿಯಾಚೆಯ ಕತ್ತಾಳೆಯ ಬುಡಕ್ಕೆ ಚೆಲ್ಲಿದಳು. ಇನ್ನರ್ಧ ತಪ್ಪಲೆ ನೀರಿತ್ತು. ಬಕೆಟ್ಟು ಹಿಡಿದು ತಿರುಗಿ ಬಂದಳು.